ಎಡಮನೆಯ ಹಾರೈಕೆ

ಲಾಂಚ್ ಬಂದಿತು. ವಾರಿಜಾ ಬರಲಿಲ್ಲ.

ಕೊಲ್ಲಿಯ ಮೇಲೆ ಮಂಜು ಅಲ್ಲಲ್ಲಿ ಮಾತ್ರ ತಿಳಿಯಾಗಿತ್ತು. ಇಳಿಯುವವರೆಲ್ಲ ಇಳಿದರು, ಕೋಳಿಬುಟ್ಟಿಗಳೂ ಎಣ್ಣೆಡಬ್ಬಗಳೂ ಇಳಿದವು. ಆದರೂ ನಾನು ಹಲಗೆಯ ಬಳಿಯೇ ನಿಂತಿದ್ದುದನ್ನು ಕಂಡು ಟಿಕೆಟ್ ಕೊಡುವ ಕುಬೇರಪ್ಪ ಹತ್ತಿರ ಬಂದ.

“ಇದೇನ್ ಮೇಷ್ಟ್ರೆ, ಇನ್ನೂ ನಿಂತಿದೀರಿ? ಅಮ್ಮಾವ್ರು ನಮಗಿಂತ ಮುಂಚೇನೇ ಹೊರಟ್ರಲ್ಲ.”

“ಯಾವುದರಲ್ಲಿ?”

“ಮಂಜು ತಿಳಿಯಾಗೋವರೆಗೂ ಬಿಡಲ್ಲ ಅಂತ ನಮ್ಮ ಡ್ರೈವರ್ ಕೂತುಬಿಟ್ಟ. ಅಮ್ಮಾವ್ರಿಗೆ ಎಲ್ಲಿದೆ ತಾಳ್ಮೆ? ಆ ದಡದವನೊಬ್ಬನ ಸಣ್ಣ ದೋಣಿ ಮಾಡ್ಕೊಂಡು ಹೊರಟೇಬಿಟ್ರು. ಇಷ್ಟೊತ್ತಿಗೆ ನಿಮಗೆ ಊಟ ಬಡಿಸ್ತಿರ್ತಾರೆ ಅಂದ್ಕೊಂಡಿದ್ದೆ.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ದಾರಿಯಲ್ಲಿ ತಮಗೆ ಯಾವ ದೋಣಿಯೂ ಕಾಣಲಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದಿರಬೇಕು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. “ಇಬ್ಬರನ್ನ ದೋಣಿ ಕೊಟ್ಟು ಹುಡುಕೋಕೆ ಕಳಿಸ್ತೀನಿ. ನಿಮ್ಮ ಎಡಮನೇಲಿ ಯಾರಿರೋದು?”

“ಸಿಂಗಾರಮ್ಮ.”

ಕುಬೇರಪ್ಪ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ನನ್ನ ಕಣ್ಣು ತಪ್ಪಿಸಿ, ದೋಣಿಯವರನ್ನು ಕೂಗುತ್ತ ಹೋದ.

ಬೇರೆ ಊರುಗಳಲ್ಲಾದರೆ ಇಂತಹ ಹೊತ್ತಿನಲ್ಲಿ ಜನ ದೇವರ ಮುಂದೆ ದೀಪ ಹಚ್ಚುತ್ತಾರೆ. ಈ ಊರಿನಲ್ಲಿ ಮೊದಲು ಕೇಳುವ ಪ್ರಶ್ನೆಯೇ ಎಡಮನೆಯಲ್ಲಿ ಯಾರಿದ್ದಾರೆ ಎಂಬುದು. ಮನೆಗಳೆಲ್ಲ ಕೊಲ್ಲಿಗೆ ಮುಖ ಮಾಡಿ ಒಂದೇ ಸಾಲಿನಲ್ಲಿವೆ. ಒಬ್ಬರು ತಮ್ಮ ಮನೆಗೆ ಬೇಕೆಂದು ಬಯಸಿ ಹೇಳಿದ್ದು ಅವರ ಬಲಗಡೆಯ ಮನೆಯಲ್ಲಿ ನಡೆಯುತ್ತದೆ. ಬೆಳಗ್ಗೆ ಎದ್ದು ‘ಇವತ್ತಾದರೂ ಇಡ್ಲಿ ಮೆತ್ತಗಿರಲಿ’ ಎಂದರೆ ಮೆತ್ತಗಾಗುವುದು ಬಲಮನೆಯ ಇಡ್ಲಿ. ಬಲಮನೆಯವರಿಗೆ ಒಳ್ಳೆಯದಾಗಲಿ ಎಂದು ಸೌಜನ್ಯಕ್ಕೆ ಹೇಳಿದರೆ ಎಲ್ಲಿಯೂ ಏನೂ ಆಗುವುದಿಲ್ಲ. ತನಗೇ ಬೇಕೆಂದು, ಹೊಟ್ಟೆಯೊಳಗಿನಿಂದ ಬಯಸಿರಬೇಕು. ಹಾಗೆ ಬಯಸಿದ್ದು ಹೊಸಿಲು ದಾಟಿ ಹೋಯಿತೆಂದರೆ, ಹೇಳಿದವರ ನಾಲಿಗೆಗೆ ಮುಂದಿನ ನಿದ್ದೆಯವರೆಗೂ ಉಪ್ಪಿನ ರುಚಿ ಹತ್ತುವುದಿಲ್ಲ. ಆದ್ದರಿಂದ ಹಾರೈಕೆ ಹೋಯಿತೋ ಇಲ್ಲವೋ ನೋಡಲು ಎಲ್ಲರ ಬಾಗಿಲಲ್ಲೂ ಒಂದು ಉಪ್ಪಿನ ಬಟ್ಟಲು ಇರುತ್ತದೆ. ಎಡಮನೆಯವರನ್ನು ಚೆನ್ನಾಗಿ ನೋಡಿಕೊಳ್ಳುವುದು ಇಲ್ಲಿಯ ರೂಢಿ. ಹಬ್ಬದ ಹೋಳಿಗೆಯಲ್ಲಿ ಮೊದಲನೆಯದು ಎಡಕ್ಕೆ ಹೋಗುತ್ತದೆ. ಹೆಣ್ಣು ಕೊಡುವವರು ವರನ ಸಂಬಳಕ್ಕಿಂತ ಮುಂಚೆ ವರನ ಎಡಮನೆಯನ್ನು ವಿಚಾರಿಸುತ್ತಾರೆ.

ನನಗೆ ಈ ಊರಿನಲ್ಲಿ ಕೆಲಸ ಸಿಕ್ಕಿದ್ದೂ ಇದರಿಂದಲೇ. ಮನುಷ್ಯರು ಏನನ್ನೂ ಬಯಸದೆ, ಬಯಸಿದ್ದನ್ನು ಬಾಯಿಬಿಟ್ಟು ಹೇಳದೆ ಎಷ್ಟು ಕಾಲ ಇರಬಲ್ಲರು? ಮಾತು ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಹಿಂದೆ ಹಡಗೊಡೆದು ದಡ ಸೇರಿದ ಅಡುಗೆಯವನೊಬ್ಬನಿಂದ ಊರಿನವರಿಗೆ ಸ್ಪ್ಯಾನಿಷ್ ಭಾಷೆಯ ಪರಿಚಯವಾಯಿತಂತೆ. ಆ ಭಾಷೆಯಲ್ಲಿ ಹಾರೈಸಿದರೆ ಯಾವ ಮನೆಗೂ ಏನೂ ತಲುಪುವುದಿಲ್ಲವೆಂದು ಕ್ರಮೇಣ ತಿಳಿಯಿತು. ತಮಿಳು, ಮರಾಠಿಗಳನ್ನೂ ಪರೀಕ್ಷಿಸಿದ್ದರಂತೆ. ಅವೆರಡೂ ಸ್ವಲ್ಪ ಸ್ವಲ್ಪ ಸೋರುತ್ತಿದ್ದವು. ಅಂದಿನಿಂದ ಪುರಸಭೆ ಒಬ್ಬ ಸ್ಪ್ಯಾನಿಷ್ ಮೇಷ್ಟರನ್ನು ಸಾಕುತ್ತಿದೆ. ಮೇಷ್ಟರು ಕಲಿಸಬೇಕಾದದ್ದು ಒಂದೇ ಪಾಠ: ಕ್ರಿಯಾಪದಗಳನ್ನು ಹಾರೈಕೆಯ ರೂಪಕ್ಕೆ ತಿರುಗಿಸುವುದು. ಇದ್ದದ್ದನ್ನು ಇದ್ದಂತೆ ಹೇಳುವಾಗ ಒಂದು ಗುಂಪಿನ ಕ್ರಿಯಾಪದಗಳು ‘ಆ’ ಎಂದು ಮುಗಿಯುತ್ತವೆ, ಇನ್ನೊಂದು ಗುಂಪಿನವು ‘ಎ’ ಎಂದು. ಹಾರೈಸುವಾಗ ಎರಡೂ ಗುಂಪಿನವರು ಅಂಗಿ ಬದಲಾಯಿಸಿಕೊಳ್ಳುತ್ತಾರೆ. ಮಾತನಾಡುತ್ತಾಳೆ ಎನ್ನುವ ‘ಆಬ್ಲಾ’ ಮಾತನಾಡಲಿ ಎನ್ನುವಾಗ ‘ಆಬ್ಲೆ’ ಆಗುತ್ತದೆ. ಉಣ್ಣುತ್ತಾಳೆ ಎನ್ನುವ ‘ಕೋಮೆ’ ಉಣ್ಣಲಿ ಎನ್ನುವಾಗ ‘ಕೋಮಾ’. ನಾನು ಇದನ್ನು ಮೊದಲ ದಿನ ಕರಿಹಲಗೆಯ ಮೇಲೆ ಬರೆದಾಗ ದರ್ಜಿ ಮಹಾಲಿಂಗ ಹಿಂದಿನ ಬೆಂಚಿನಿಂದ, “ಓಹೋ, ಇವರದೂ ನಮ್ಮ ಸಾಲೇ ಅನ್ನಿ. ಇವನ ಬಟ್ಟೆ ಅವನಿಗೆ,” ಎಂದಿದ್ದ. ಊರಿನ ಯಾರಿಗೂ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಹೀಗಾಗಿ ಈ ಜನರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬಾಳಲಿ, ಉಣ್ಣಲಿ, ಹಾಡಲಿ ಎನ್ನುವುದು ಬರುತ್ತದೆ. ಬಾಳುತ್ತಾನೆ, ಉಣ್ಣುತ್ತಾನೆ, ಹಾಡುತ್ತಾನೆ ಎನ್ನುವುದು ಬರುವುದಿಲ್ಲ. ನಾನು ಬರುವ ಮೊದಲು ಅದೇ ಭಾಷೆಯವರ ಹಡಗೊಂದು ಕುಡಿಯುವ ನೀರಿಗಾಗಿ ಇಲ್ಲಿ ನಿಂತಿತ್ತಂತೆ. ಹಡಗಿನ ಮನುಷ್ಯ ದಡಕ್ಕೆ ಬಂದು ಬಾವಿ ಎಲ್ಲಿದೆ ಎಂದು ಕೇಳಿದ. ಒಬ್ಬರು ‘ನೀನು ಬಾಳುವಂತಾಗಲಿ’ ಎಂದರು, ಇನ್ನೊಬ್ಬರು ‘ನೀನು ಉಣ್ಣುವಂತಾಗಲಿ’ ಎಂದರು, ಮತ್ತೊಬ್ಬರು ‘ನೀನು ಹಾಡುವಂತಾಗಲಿ’ ಎಂದರು. ಆತ ಕೈಮುಗಿದು ಹಿಂದಕ್ಕೆ ಹೊರಟಿದ್ದನಂತೆ. ಬಾವಿ ಇಂಥ ಕಡೆ ಇದೆ, ಇಷ್ಟುದ್ದ ಹಗ್ಗ ತನ್ನಿ ಎಂದು ಉತ್ತರ ಕೊಟ್ಟವಳು ಒಬ್ಬಳೇ ಹುಡುಗಿ. ಹಾರೈಕೆಯಲ್ಲದೆ ಬೇರೆ ಮಾತನ್ನೂ ಆಗಿನ ಮೇಷ್ಟರಿಂದ ಹಠ ಹಿಡಿದು ಕಲಿತವಳು ಊರಿಗೆ ಅವಳೊಬ್ಬಳೇ. ಅವಳ ಹೆಸರು ಜಾಜಿ. ನೀರು ತುಂಬಿಕೊಂಡು ಹೊರಟ ಹಡಗಿನಲ್ಲಿ ಅವಳೂ ಹೋದಳು. ಅವಳು ಸಿಂಗಾರಮ್ಮನ ಮಗಳು.

ದಡದಿಂದ ಮನೆಗೆ ಓಡುತ್ತ ಬಂದವನು ನನ್ನ ಬಾಗಿಲನ್ನು ದಾಟಿ ನೇರವಾಗಿ ಅವರ ಬಾಗಿಲಿಗೆ ಹೋದೆ. ಸಿಂಗಾರಮ್ಮ ಒಳಜಗಲಿಯಲ್ಲಿ ಕುಳಿತು ಹರಿದ ಮೀನುಬಲೆಯೊಂದನ್ನು ಹೆಣೆಯುತ್ತಿದ್ದರು. ಅದು ಅವರ ಕಸುಬು. ತರಗತಿಗೂ ಬಲೆಯ ಒಂದು ತುದಿಯನ್ನು ಮಡಿಲಲ್ಲಿಟ್ಟುಕೊಂಡೇ ಬರುತ್ತಿದ್ದರು. ನನ್ನ ವಿದ್ಯಾರ್ಥಿಗಳಲ್ಲಿ ಅವರಷ್ಟು ಶ್ರದ್ಧೆಯವರು ಬೇರೆ ಇರಲಿಲ್ಲ.

“ಬನ್ನಿ ಮೇಷ್ಟ್ರೆ,” ಎಂದರು ತಲೆಯೆತ್ತದೆ. “ಕುಬೇರಪ್ಪ ಕೂಗ್ಕೊಂಡು ಹೋಗಿದ್ದು ಕೇಳಿಸ್ತು. ದೀಪ ಬೇಕಾದ್ರೆ ತಗೊಳ್ಳಿ, ಹಗ್ಗ ಬೇಕಾದ್ರೆ ತಗೊಳ್ಳಿ. ನನ್ನ ಬಾಯಿ ಮಾತ್ರ ಕೇಳಬೇಡಿ.”

“ನಾನಿನ್ನೂ ಏನೂ ಕೇಳೇ ಇಲ್ಲ.”

“ಚಪ್ಪಲಿ ಇಲ್ದೆ ಓಡಿ ಬಂದಿದೀರಿ. ಇನ್ನೇನು ಕೇಳೋಕೆ ಬಂದಿರ್ತೀರಿ?”

ನಾನು ಹೊಸಿಲ ಮೇಲೆಯೇ ಕುಳಿತೆ. ಅವರು ಕನ್ನಡದಲ್ಲಿ ಏನನ್ನೂ ಹಾರೈಸುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಮಳೆ ನಿಲ್ಲಲಿ ಎಂದು ಕೂಡ ಅನ್ನುತ್ತಿರಲಿಲ್ಲ. ಏಕೆಂದು ನನಗೆ ಯಾರೂ ಪೂರ್ತಿಯಾಗಿ ಹೇಳಿರಲಿಲ್ಲ. ಆ ದಿನ ಅವರೇ ಹೇಳಿದರು, ಕೈಯಲ್ಲಿನ ಬಲೆಯನ್ನು ಬಿಡದೆ.

“ಜಾಜಿ ಹೋದ ಸಂಜೆ ನಾನು ನೀವು ಕೂತಿದೀರಲ್ಲ, ಅದೇ ಹೊಸಿಲಲ್ಲಿ ನಿಂತು ಏನಂದೆ ಗೊತ್ತಾ? ‘ಸೋತು ಬರಲಿ’ ಅಂದೆ. ‘ಮುಖ ಬಾಡಿಸ್ಕೊಂಡು ಇದೇ ಮನೆಗೆ ಬರಲಿ’ ಅಂದೆ. ಮಗಳ ಮೇಲಿನ ಸಿಟ್ಟಲ್ಲಿ ಬಲಮನೆ ನೆನಪೇ ಆಗ್ಲಿಲ್ಲ. ಆಗ ನಿಮ್ಮನೇಲಿ ವಾಸಪ್ಪ ಅಂತ ಇದ್ರು. ಅವರ ಮಗಳನ್ನ ಆಚೆ ದಡಕ್ಕೆ ಕೊಟ್ಟಿದ್ರು. ವಾರ ತುಂಬೋದ್ರೊಳಗೆ ಆ ಹುಡುಗಿ ಬಂದ್ಲು. ಹಣೇಲಿ ಕುಂಕುಮ ಇರ್ಲಿಲ್ಲ.”

ನಾನು ಕುಳಿತಿದ್ದ ಹೊಸಿಲಿನಿಂದ ಸ್ವಲ್ಪ ಸರಿದೆ.

“ನನ್ನ ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಮನೆ ಖಾಲಿ ಮಾಡ್ಕೊಂಡು ಹೋದ್ರು, ಹೋಗೋವಾಗ ಬಾಗಿಲ ಮುಂದೆ ರಂಗೋಲಿ ಹಾಕಿ ಹೋದ್ರು. ಅಷ್ಟು ಒಳ್ಳೆ ಜನ.” ಈಗ ಅವರು ತಲೆಯೆತ್ತಿದರು. “ಬರಲಿ ಅಂದ್ರೆ ನಿಮ್ಮ ಹೆಂಡತಿ ಬರ್ತಾಳೆ ಮೇಷ್ಟ್ರೆ. ಹೇಗೆ ಬರ್ತಾಳೆ ಅನ್ನೋದು ನನ್ನ ಹೊಟ್ಟೇಲಿ ಏನಿದೆ ಅನ್ನೋದರ ಮೇಲೆ. ಅಲ್ಲೇನಿದೆ ಅಂತ ನಾನು ಇಣುಕಿ ನೋಡಿಲ್ಲ. ನೋಡೋಕೆ ಭಯ.”

ಬೇಡಿಕೊಳ್ಳಬೇಕೆಂದು ಬಂದಿದ್ದವನಿಗೆ, ಬೇಡವೆಂದು ಹೇಳಿ ಎದ್ದು ಹೋಗುವುದೇ ಸುರಕ್ಷಿತವೇನೋ ಎನ್ನಿಸಿತು. ಆ ತೀರ್ಮಾನಕ್ಕೆ ಬರುವ ಮುನ್ನವೇ ಬೀದಿಯಲ್ಲಿ ಯಾರೋ ಓಡಿಬರುವ ಸಪ್ಪಳ ಕೇಳಿಸಿತು. ಮಹಾಲಿಂಗ. ಕೊರಳಲ್ಲಿ ಅಳತೆಪಟ್ಟಿ ಹಾಗೆಯೇ ಜೋತಾಡುತ್ತಿತ್ತು.

“ದೋಣಿ ಸಿಕ್ಕಿತಾ?” ಎಂದೆ.

“ದೋಣಿ ಇಲ್ಲ,” ಎಂದ ಅವನು, ಏದುಸಿರು ಬಿಡುತ್ತ. “ಹುಟ್ಟು ಸಿಕ್ಕಿದೆ. ಒಂದೇ ಒಂದು ಹುಟ್ಟು. ನೀರಲ್ಲಿ ತೇಲ್ತಿತ್ತಂತೆ.”

ಹುಟ್ಟು ಕಳೆದುಕೊಂಡ ದೋಣಿಯನ್ನು ಈ ಕೊಲ್ಲಿಯ ಇಳಿತದ ಸೆಳೆತ ಎಲ್ಲಿಗೆ ಒಯ್ಯುತ್ತದೆಂಬುದು ಮೂವರಿಗೂ ಗೊತ್ತಿತ್ತು. ಕೊಲ್ಲಿಯ ಬಾಯಿಗೆ, ಅಲ್ಲಿಂದ ಹೊರಗಿನ ಕಡಲಿಗೆ. ಇಳಿತ ಶುರುವಾಗಿಯೇ ಬಹಳ ಹೊತ್ತಾಗಿತ್ತು. ಸಿಂಗಾರಮ್ಮ ಬಲೆಯನ್ನು ಪಕ್ಕಕ್ಕೆ ಸರಿಸಿದರು. ಎದ್ದು ಬಂದು ಹೊಸಿಲ ಒಳಗೆ ನಿಂತು, ಗೋಡೆಯ ಗೂಡಿನಿಂದ ಉಪ್ಪಿನ ಬಟ್ಟಲನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ಹೇಗಾದ್ರೂ ಬರ್ಲಿ ಅನ್ನೋ ಹಾಗಿದ್ರೆ ಹೇಳಿ.”

“ಹೇಗಾದ್ರೂ ಅಲ್ಲ,” ಎಂದೆ. “ವಾರಿಜಾ ವಾರಿಜಾಳಾಗಿಯೇ ಬರಬೇಕು.”

ಅವರು ಕಣ್ಣು ಮುಚ್ಚಿದರು. “ನನ್ನ ಮಗಳು ಕ್ಷೇಮವಾಗಿ ಮನೆಗೆ ಬರಲಿ,” ಎಂದರು. ನಾನು ಬಟ್ಟಲನ್ನು ಮುಂದೆ ಹಿಡಿದೆ. ಅವರು ಒಂದು ಹರಳನ್ನು ನಾಲಿಗೆಯ ಮೇಲಿಟ್ಟು ತಲೆಯಾಡಿಸಿದರು. ಉಪ್ಪು ಉಪ್ಪಾಗಿಯೇ ಇತ್ತು. ಮತ್ತೊಮ್ಮೆ ಹೇಳಿದರು, ಇನ್ನೂ ಗಟ್ಟಿಯಾಗಿ. ಮತ್ತೆ ಉಪ್ಪೇ.

“ಹೊರಡ್ತಾ ಇಲ್ಲ. ಬಾಯಿ ಕ್ಷೇಮ ಅನ್ನುತ್ತೆ. ಒಳಗಿರೋದು, ಬಂದು ಕಾಲಿಗೆ ಬೀಳಲಿ, ನೀನು ಹೇಳಿದ್ದೇ ಸರಿ ಅಮ್ಮ ಅನ್ನಲಿ ಅಂತ ಕಾಯ್ತಿದೆ. ಎರಡೂ ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿವೆ.”

“ಹಾಗಾದ್ರೆ ಗಟ್ಟಿಯಾಗಿ ಹೇಳಬೇಡಿ ಅಕ್ಕ,” ಎಂದ ಮಹಾಲಿಂಗ ಗಾಬರಿಯಿಂದ. “ಹೊರಗೆ ಬರೋದು ಒಳಗಿರೋದೇ ಆದ್ರೆ?”

ಆಗ, ಯಾವ ಯೋಚನೆಯೂ ಇಲ್ಲದೆ, ನನಗೆ ನನ್ನ ತರಗತಿ ಕಣ್ಣಮುಂದೆ ಬಂತು. ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಎದ್ದುನಿಂತು ತಮ್ಮದೊಂದು ವಾಕ್ಯ ಹೇಳಬೇಕು. ಮಹಾಲಿಂಗ ದಿನಕ್ಕೊಂದು ತಮಾಷೆ ಹೇಳುತ್ತಿದ್ದ. ಸಿಂಗಾರಮ್ಮ ಮಾತ್ರ ಪ್ರತಿದಿನವೂ ಒಂದನ್ನೇ ಹೇಳುತ್ತಿದ್ದರು: ‘ಓಹಲಾ ಕೆ ರೆಗ್ರೇಸೆ.’ ಹಿಂದಿರುಗಿ ಬರಲಿ. ಉಚ್ಚಾರಣೆ ಸರಿಯಿದೆ, ಕುಳಿತುಕೊಳ್ಳಿ ಎಂದು ನಾನೂ ಪ್ರತಿದಿನ ಹೇಳುತ್ತಿದ್ದೆ. ಅದನ್ನು ಅಭ್ಯಾಸದ ವಾಕ್ಯವೆಂದೇ ಎಣಿಸಿದ್ದೆ.

“ತರಗತೀಲಿ ದಿನಾ ಹೇಳ್ತೀರಲ್ಲ,” ಎಂದೆ, “ಅದರಲ್ಲಿ ಸೋತು ಅನ್ನೋ ಮಾತು ಒಂದು ದಿನವೂ ಇರಲಿಲ್ಲ.”

“ಆ ಪದ ನೀವು ಕಲಿಸೇ ಇಲ್ಲ.”

“ಕಲಿಸಿದ್ದು ಯಾವುದು? ಅದನ್ನೇ ಹೇಳಿ.”

“ಅದು ಆ ಭಾಷೆ. ಅದರಲ್ಲಿ ಹೇಳಿದ್ರೆ ಎಲ್ಲಿಗೂ ಹೋಗಲ್ಲ.”

“ಹೋಗೋದು ಬೇಡ. ಮನೇಲಿ ಒಬ್ಬರೇ ಇರೋವಾಗ ಜಾಜಿಗೆ ಏನೇನು ಹೇಳ್ಕೋತೀರೋ, ಅದನ್ನ ಹೇಳಿ.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. ತೆರಿಗೆಯವನು ಒಳಕೋಣೆಯ ಬಾಗಿಲು ತೆರೆಯಿರಿ ಎಂದರೆ ನೋಡುವ ಹಾಗೆ. ಆಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಬಲೆ ಹೆಣೆಯುವಾಗಿನ ಲಯದಲ್ಲಿಯೇ, ಒಂದೊಂದಾಗಿ ಹೇಳತೊಡಗಿದರು. “ಓಹಲಾ ಕೆ ಕೋಮಾ. ಓಹಲಾ ಕೆ ವೀವಾ. ಓಹಲಾ ಕೆ ಕಾಂತೆ.” ನಾನು ಕಲಿಸಿದ ಅಷ್ಟೂ ಕ್ರಿಯಾಪದಗಳು ಅದರಲ್ಲಿದ್ದವು. ಈ ಊರಿನಲ್ಲಿ ಯಾವ ಮನೆಗೂ ತಗಲದಂತೆ ಮಗಳೊಬ್ಬಳಿಗೆ ಅನ್ನ ಹಾಕುವುದಕ್ಕೆ ಅವರು ಅವನ್ನು ಒಯ್ದಿದ್ದರು. ಏರುವುದೆಂಬ ಪದವನ್ನು ಕಲಿಸಿದ ದಿನ ಅವರು ಅದನ್ನು ಹಡಗಿನ ಏಣಿಗೆ ಬಳಸಿದ್ದರಂತೆ. ಏಣಿ ಏರುವಾಗ ಜಾಜಿಯ ಕಾಲು ಜಾರದಿರಲೆಂದು. ಕೊನೆಯಲ್ಲಿ ಎಂದಿನ ‘ರೆಗ್ರೇಸೆ’ ಬಂದಿತು. ಅವರ ಮುಖದ ಬಿಗಿ ಸಡಿಲವಾಗಿತ್ತು.

“ಈಗ ಅದನ್ನೇ ನಮ್ಮ ಮಾತಲ್ಲಿ,” ಎಂದೆ, ಆದಷ್ಟು ಮೆಲ್ಲಗೆ. “ಇನ್ನೇನೂ ಸೇರಿಸಬೇಡಿ. ಒಂದನ್ನೂ ಬಿಡಬೇಡಿ.”

ಮಹಾಲಿಂಗ ಅಳತೆಪಟ್ಟಿಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಸಿಂಗಾರಮ್ಮನ ತುಟಿಗಳು ಒಮ್ಮೆ ತೆರೆದು ಮುಚ್ಚಿಕೊಂಡವು. ಆ ತುಟಿಗಳಲ್ಲಿ ‘ಸೋ’ ಎಂಬುದರ ಆಕಾರ ಮೂಡುತ್ತದೆಯೇ ಎಂದು ನಾನು ನೋಡುತ್ತಿದ್ದೆ. ಅದು ಮೂಡಲಿಲ್ಲ.

“ಉಣ್ಣಲಿ,” ಎಂದರು. “ಬಾಳಲಿ. ಹಾಡಲಿ. ಏರಲಿ, ಕಾಲು ಜಾರದೆ ಇರಲಿ.” ಕಣ್ಣು ಮುಚ್ಚಿಕೊಂಡರು. “ಅವಳು ಅಂದ್ಕೊಂಡಿದ್ದೆಲ್ಲ ಅವಳಿಗೆ ಆಗಿರಲಿ. ನಾನು ಹೇಳಿದ್ದು ತಪ್ಪಾಗಿರಲಿ. ತಲೆ ಎತ್ಕೊಂಡು ನನ್ನ ಮನೆಗೆ ಬರಲಿ.”

ಇನ್ನೇನೂ ಸೇರಿಸಬೇಡಿ ಎಂದಿದ್ದೆ, ಸೇರಿಸಿದ್ದರು. ಬಟ್ಟಲಿನಿಂದ ಒಂದು ಹಿಡಿ ಉಪ್ಪನ್ನೇ ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. ಮುಖ ಸೊಟ್ಟಗಾಗಲಿಲ್ಲ.

“ಮರಳು,” ಎಂದರು.

ಹಾರೈಕೆ ಹೊರಟಿತ್ತು. ಅದು ಅವರ ಮಗಳನ್ನು ತರುವುದಿಲ್ಲವೆಂಬುದು ನಮಗೆ ಮೂವರಿಗೂ ಗೊತ್ತಿತ್ತು. ಅವರು ಬಾಯಿ ಮುಕ್ಕಳಿಸಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ದಡಕ್ಕೆ ಹೋಗಿ ನಿಂತೆ. ಕುಳಿತೆ, ಮತ್ತೆ ಎದ್ದೆ. ಕುಬೇರಪ್ಪ ತಂದುಕೊಟ್ಟ ಚಹಾ ಕೈಯಲ್ಲಿಯೇ ಆರಿತು. ಬರುವುದಂತೂ ಖಚಿತ, ಹೇಗೆ ಬರುತ್ತಾಳೆ ಎಂಬುದಷ್ಟೇ ಉಳಿದಿರುವ ಕಾಯುವಿಕೆ ಎಂತಹುದೆಂದು ಅದನ್ನು ಕಾದವರಿಗಷ್ಟೇ ಗೊತ್ತು. ಮಂಜಿನೊಳಗೆ ಪ್ರತಿಯೊಂದು ಸದ್ದೂ ದೋಣಿಯಂತೆ ಕೇಳಿಸುತ್ತಿತ್ತು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಹಾಡೊಂದು ಕೇಳಿಸಿತು. ಶ್ರುತಿಯಿಲ್ಲ, ತಾಳವಿಲ್ಲ, ಅರ್ಧ ಪದಗಳು ತಪ್ಪು. ಮದುವೆಯಾದ ಮೇಲೆ ವಾರಿಜಾ ಹಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ದೋಣಿ ಮಂಜಿನಿಂದ ಹೊರಬಂತು. ಉಳಿದಿದ್ದ ಒಂದೇ ಹುಟ್ಟಿನಿಂದ ಅವಳೇ ನಡೆಸುತ್ತಿದ್ದಳು. ಅಂಬಿಗ ಕೈಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಮುದುಡಿ ಕುಳಿತಿದ್ದ. ಅವಳ ಬಾಯಲ್ಲಿ ಹಾಡಿನ ಜೊತೆ ರೊಟ್ಟಿಯ ತುಂಡೂ ಇತ್ತು.

“ಯಾಕೆ ಹೀಗೆ ನೋಡ್ತೀರಿ?” ಎಂದಳು ದಡಕ್ಕೆ ಹಾರಿ. “ಅಂಬಿಗನ ಕೈಗೆ ಪೆಟ್ಟಾಗಿ ಹುಟ್ಟು ಜಾರಿ ಹೋಯ್ತು. ಇಳಿತಕ್ಕೆ ಸಿಕ್ಕಿ ಹೊರಗೆ ಹೋಗ್ತಿದ್ವಿ. ಎಲ್ಲಿಂದಲೋ ಒಂದು ಅಲೆ ಬಂದು ಉಪ್ಪಿನಾಗರದ ದಿಣ್ಣೆ ಮೇಲೆ ಏರಿಸ್ತು ನೋಡಿ, ಎತ್ತಿ ಇಟ್ಟ ಹಾಗೆ. ಅಲ್ಲಿ ಉಪ್ಪು ಕೆರೆಯೋ ಹೆಂಗಸರು ರೊಟ್ಟಿ ಚಟ್ನಿ ಕೊಟ್ರು. ಹೊಟ್ಟೆ ತುಂಬಿತು. ಯಾಕೋ ಹಾಡು ಬಂತು.” ಕುಬೇರಪ್ಪನ ಕಡೆ ತಿರುಗಿ, “ಏನಪ್ಪಾ, ನಿಮ್ಮ ಲಾಂಚು ಈಗ್ಲಾದ್ರೂ ಬಂತಾ?” ಎಂದಳು.

ನಾವು ಬೀದಿಯಲ್ಲಿ ನಡೆದು ಬರುವಾಗ ಸಿಂಗಾರಮ್ಮ ಬಾಗಿಲಲ್ಲಿ ನಿಂತಿದ್ದರು. ವಾರಿಜಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಎತ್ತಿದ ತಲೆಯ ಮೇಲೆ ಅವರ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. “ಬಂದ್ಯಾ ತಾಯಿ,” ಎಂದಷ್ಟೇ ಹೇಳಿ ಒಳಗೆ ಹೋದರು. ನಡೆದದ್ದನ್ನು ನಾನು ವಾರಿಜಾಳಿಗೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

“ಅವರ ಎಡಮನೆ ಯಾರದು?”

“ಮನೆಯಲ್ಲ. ಉಪ್ಪಿನ ಗೋದಾಮು. ಅದರಾಚೆ ಬರೀ ಬಂಡೆ.”

“ಅಂದ್ರೆ ಆಯಮ್ಮನಿಗೆ ಬೇಕಾದ್ದು ಬಾಯಲ್ಲಿ ಹೇಳೋರು ಯಾರೂ ಇಲ್ಲ.”

ಮುಂದಿನ ತಿಂಗಳು ನಾವು ಗೋದಾಮಿಗೆ ಸಾಮಾನು ಸಾಗಿಸಿದೆವು. ಗೋಡೆಗಳಲ್ಲಿ ಉಪ್ಪಿನ ನೀರು ಒಸರುತ್ತಿತ್ತು. ಬಟ್ಟೆಗಳು ಒಣಗುತ್ತಲೇ ಇರಲಿಲ್ಲ. ಸಾಲಿನ ಮೊದಲ ಮನೆಗೆ, ಅಂದರೆ ಎಡಮನೆಯೇ ಇಲ್ಲದ ಮನೆಗೆ, ಬುದ್ಧಿಯಿರುವವರು ಯಾರೂ ಹೋಗುವುದಿಲ್ಲವೆಂದು ಊರೆಲ್ಲ ಮಾತನಾಡಿತು. ಸಿಂಗಾರಮ್ಮ ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಮೂರನೆಯ ದಿನ ಹಬ್ಬವಿಲ್ಲದಿದ್ದರೂ ಅವರ ಮನೆಯಿಂದ ಹೋಳಿಗೆ ಬಂತು, ರೂಢಿಯಂತೆ ಎಡಕ್ಕೆ.

ಆದರೆ ಕೆಲಸ ಆಗಲಿಲ್ಲ. ನಾನು ಪ್ರತಿದಿನ ಬೆಳಗ್ಗೆ 'ನನ್ನವಳು ಮನೆಗೆ ಬರಲಿ' ಎಂದು ಹೇಳುತ್ತಿದ್ದೆ. ನಾಲಿಗೆಗೆ ಉಪ್ಪು ಚುರುಕ್ಕೆನ್ನುತ್ತಿತ್ತು. ವಾರಿಜಾ ಒಲೆಯ ಮುಂದೆ ಕುಳಿತು ನೋಡುತ್ತಿದ್ದಳು.

“ಹೆಂಡ್ತಿ ಪಕ್ಕದಲ್ಲಿ ದೋಸೆ ಹುಯ್ತಾ ಇದ್ರೆ, ಹೆಂಡ್ತಿ ಬರಲಿ ಅಂತ ಯಾವನು ತಾನೇ ನಿಜವಾಗಿ ಬಯಸ್ತಾನೆ?” ಎಂದ ಮಹಾಲಿಂಗ.

“ನಾನು ಮನೇಲಿರೋವರೆಗೂ ನೀವು ಉಪಯೋಗಕ್ಕೆ ಬರಲ್ಲ,” ಎಂದಳು ವಾರಿಜಾ. ಮಾರನೆಯ ದಿನವೇ ಚೀಲ ಹೆಗಲಿಗೇರಿಸಿದಳು.

“ಯಾವಾಗ ಬರ್ತೀಯ?”

“ಹೇಳಿದ್ರೆ ನೀವು ಕಾಯಲ್ಲ, ದಿನ ಎಣಿಸ್ತೀರಿ.”

“ನಮಗೆ ಎಡಮನೆ ಇಲ್ಲ, ವಾರಿಜಾ. ಏನಾದರೂ ಆದರೆ ಕೇಳೋರು ಯಾರು?”

“ಅದಕ್ಕೇ ಹೋಗ್ತಿರೋದು,” ಎಂದು ಲಾಂಚ್ ಹತ್ತಿದಳು.

ಮೊದಲು ಕೆಲವು ದಿನ ನಾನು ಧೈರ್ಯವಾಗಿಯೇ ಇದ್ದೆ. ಪಾಠ ಮಾಡಿದೆ. ಅನ್ನ ಸೀಯಿಸಿದೆ. ಲಾಂಚ್ ಬಂದಾಗಲೆಲ್ಲ ದಡಕ್ಕೆ ಹೋಗಬಾರದೆಂದುಕೊಂಡು ಹೋದೆ. ಆಮೇಲೆ ಮತ್ತೆ ಮಂಜು ಇಳಿಯಿತು. ಲಾಂಚ್ ನಿಂತಿತು. ಇಳಿತದ ಸದ್ದು ಗೋದಾಮಿನ ಗೋಡೆಗೆ ಹತ್ತಿರದಿಂದ ಕೇಳಿಸುತ್ತಿತ್ತು. ಕರಿಹಲಗೆಯ ಮೇಲೆ ಒಂದು ಪದ ಬರೆಯಲು ಹೋಗಿ ಇನ್ನೊಂದು ಬರೆದೆ. ಅದು ‘ರೆಗ್ರೇಸೆ’ ಆಗಿತ್ತು. ಸಿಂಗಾರಮ್ಮ ಬಲೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು; ತರಗತಿಯಲ್ಲಿ ಯಾರೂ ನಗಲಿಲ್ಲ.

ಆ ಮಧ್ಯಾಹ್ನ ಹೊಸಿಲಲ್ಲಿ ನಿಂತಾಗ ನಾನು ಯಾವುದನ್ನೂ ಯೋಚಿಸಿ ಹೇಳಲಿಲ್ಲ. ಬಾಯಿ ತಾನಾಗಿ ಹೇಳಿತು. “ನನ್ನವಳು ಮನೆಗೆ ಬರಲಿ. ನಗುತ್ತ ಬರಲಿ. ಬೈದುಕೊಂಡಾದರೂ ಬರಲಿ. ಈಗಲೇ ಬರಲಿ.” ಉಪ್ಪಿನ ಹರಳು ನಾಲಿಗೆಯ ಮೇಲೆ ಮರಳಿನಂತೆ ಕುಳಿತಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನಲ್ಲಿದ್ದ ಒಂದೇ ಹಾರೈಕೆ ಹೊರಟುಹೋಗಿತ್ತು, ಪಕ್ಕದ ಮನೆಗೆ. ವಾರಿಜಾಳ ಪಾಲಿಗೆ ಈಗ ಅವಳ ತೋಳುಗಳೂ ದೋಣಿಯೂ ಮಾತ್ರ ಇದ್ದವು.

ಮರುದಿನ ಮಂಜು ಅರ್ಧ ಹರಿದಾಗ ಲಾಂಚ್ ಬಂದಿತು. ವಾರಿಜಾ ಅದರಲ್ಲಿ ಇರಲಿಲ್ಲ. ಕೊನೆಯಲ್ಲಿ ಇಳಿದವಳು ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ, ಬಿಸಿಲಿಗೆ ಕಪ್ಪಾದ ಹೆಂಗಸು. ತಲೆಗೂದಲು ಕತ್ತರಿಸಿತ್ತು. ಮಣಭಾರದ ಪೆಟ್ಟಿಗೆಯನ್ನು ಕುಬೇರಪ್ಪ ಎತ್ತಲು ಹೋದರೆ ಅವನನ್ನು ಸರಿಸಿ ತಾನೇ ಎತ್ತಿಕೊಂಡಳು. ನನ್ನ ಹಿಂದೆಯೇ ಸಿಂಗಾರಮ್ಮನ ಬಾಗಿಲನ್ನು ದಾಟಿ ಬಂದು, ಸಾಲಿನ ಮೊದಲಲ್ಲಿ ನಿಂತು ನನ್ನ ಬಾಗಿಲನ್ನು ನೋಡಿದಳು.

“ಗೋದಾಮಲ್ಲಿ ಜನ ಇರೋಕೆ ಶುರುಮಾಡಿದ್ದು ಯಾವಾಗಿಂದ?”

“ಈಚೆಗೆ,” ಎಂದೆ. “ನೀವು ಜಾಜಿ.”

“ಹೌದು. ನಮ್ಮ ಹಡಗು ಆಚೆ ದಡದಲ್ಲಿ ರಿಪೇರಿಗೆ ನಿಂತಿದೆ. ಈ ಕಡೆ ಬರೋ ಯೋಚನೆ ಇರ್ಲಿಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಕೈ ತೊಳೆದು ಎದ್ದುಬಿಟ್ಟೆ.” ಅವಳು ಪಕ್ಕದ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು. “ಬೈತಾರಾ?”

“ಹೋಗಿ ನೋಡಿ.”

ನಾನು ಅತ್ತ ನೋಡಲಿಲ್ಲ. ಬಲೆ ಹೆಣೆಯುವ ಮರದ ಸೂಜಿ ನೆಲಕ್ಕೆ ಬಿದ್ದದ್ದು ಕೇಳಿಸಿತು. ಹಿಂದೆಯೇ ಸಿಂಗಾರಮ್ಮನ ದನಿ: “ಕೂದಲು ಯಾವಳು ಕತ್ತರಿಸಿದ್ದು? ಒಂದು ಕಡೆ ಸೊಟ್ಟ ಆಗಿದೆ.” ಆಮೇಲೆ ಇಬ್ಬರೂ ನಕ್ಕರೋ ಅತ್ತರೋ, ನನಗೆ ಗೊತ್ತಾಗಲಿಲ್ಲ.

ನಾನು ಹೊಸಿಲ ಮೇಲೆ ಕುಳಿತೇ ಇದ್ದೆ. ನೆರಳು ಉದ್ದವಾಗುವ ಹೊತ್ತಿಗೆ ತಾಯಿ ಮಗಳು ಹೊರಗೆ ಬಂದು, ನನ್ನ ಎಡಗಡೆಯ ಬಂಡೆಯ ಮೇಲೆ ಕುಳಿತರು. ಸಿಂಗಾರಮ್ಮ ಅಲ್ಲಿಂದಲೇ ನನ್ನ ಬಾಗಿಲನ್ನು, ತಮ್ಮ ಬಾಗಿಲನ್ನು ಅಳೆಯುವಂತೆ ನೋಡಿದರು.

“ಇಲ್ಲೊಂದು ಗುಡಿಸಲು ಹಾಕಿದ್ರೆ ಅದು ಎಡಮನೆ ಆಗುತ್ತಾ?” ಎಂದರು.

“ಯಾಕಮ್ಮ?” ಎಂದಳು ಜಾಜಿ.

“ಮೇಷ್ಟ್ರ ಹೆಂಡತಿ ಆಚೆ ದಡಕ್ಕೆ ಹೋಗಿದಾಳೆ. ಇನ್ನೂ ಬಂದಿಲ್ಲ. ಇವರ ಪಾಲಿನ ಹಾರೈಕೆ ಹೇಳೋಕೆ ಯಾರೂ ಇಲ್ಲ.”

“ಗಿಡ್ಡಗೆ, ಹಳದಿ ಚೀಲ? ಮಾತಿಗೆ ಮುಂಚೆ ಕೈ ಬೀಸ್ತಾರೆ?”

ನಾನು ಎದ್ದುನಿಂತೆ.

“ಅವರು ಬರ್ತಾ ಇದಾರೆ,” ಎಂದಳು ಜಾಜಿ, ಬಾವಿ ಎಲ್ಲಿದೆ ಎಂದು ಹೇಳುವವಳ ಸರಳತೆಯಲ್ಲಿ. “ಬೆಳಗ್ಗೆ ನಮ್ಮ ಪಕ್ಕದಲ್ಲೇ ಅಂಬಿಗನ ಜೊತೆ ಜಗಳ ಆಡ್ತಿದ್ರು. ಲಾಂಚ್ ಇದೆಯಲ್ಲ ಅಂದೆ. ಅದಕ್ಕಿಂತ ಬೇಗ ಮುಟ್ತೀನಿ ಅಂದ್ರು. ಈ ಸಲ ಎರಡು ಹುಟ್ಟು ಹೆಚ್ಚಿಗೆ ಇಟ್ಕೊಂಡಿದಾರೆ. ನಾನೇ ಕಟ್ಟಿಕೊಟ್ಟೆ.”

ಸಿಂಗಾರಮ್ಮ ಮಗಳ ಮುಖವನ್ನೇ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ಹೋಗಿ ಮೇಷ್ಟ್ರೆ,” ಎಂದರು. “ಚಪ್ಪಲಿ ಹಾಕ್ಕೊಂಡು ಹೋಗಿ.”

ನಾನು ಚಪ್ಪಲಿ ಮೆಟ್ಟಿಕೊಂಡು ದಡದ ಕಡೆಗೆ ನಡೆದೆ. ನೀರಿನ ಮೇಲೆ, ದೂರದಲ್ಲಿ, ಯಾರೋ ಅಂಬಿಗನನ್ನು ಬೈಯುತ್ತಿರುವುದು ಕೇಳಿಸುತ್ತಿತ್ತು.